ಧರೆಯಲ್ಲಿ ಬಾಗಿಲು ಹುಡುಕುವುದು ಹೇಗೆ

ನಮ್ಮ ತೋಟಕ್ಕೆ ಇಳಿಯುವ ದಾರಿಯ ಎಡಗಡೆ ಒಂದು ಧರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಇದೆ. ಆಳೆತ್ತರಕ್ಕಿಂತ ಸ್ವಲ್ಪ ಜಾಸ್ತಿ, ಉದ್ದ ಸುಮಾರು ನಲವತ್ತು ಹೆಜ್ಜೆ. ಕೆಂಪು ಮಣ್ಣು, ಮೇಲೆ ಹಸಿರು ಪಾಚಿ, ಅಲ್ಲಲ್ಲಿ ಜರಿಗಿಡ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ದಿನಕ್ಕೆ ನಾಲ್ಕು ಸಲ ಅದರ ಪಕ್ಕದಲ್ಲೇ ಓಡಾಡಿದ್ದೇನೆ. ಹಾಗೆ ಇಪ್ಪತ್ತು ವರ್ಷ ಕಳೆದ ಮೇಲೆ, 2014ರ ಸೆಪ್ಟೆಂಬರ್‌ನ ಒಂದು ಸಂಜೆ, ತಂಗಿಯ ಮಗಳು ಕಾಲಿಗೆ ಹತ್ತಿದ ಉಂಬಳ ಕೀಳಲು ಅಲ್ಲಿ ಕೂತಳು. ಕೂತವಳು ಕೂಗಿದಳು: "ದೊಡ್ಡಮ್ಮಾ, ಬಾ ಇಲ್ಲಿ! ಮಣ್ಣು ಬಾಗಿಲು ಹಾಕ್ಕೊಳ್ತು!"

ನಾನು ಹೋಗಿ ನೋಡಿದೆ. ಏನೂ ಕಾಣಲಿಲ್ಲ. ಅವಳು ಬೆರಳಿಟ್ಟು ತೋರಿಸಿದರೂ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಬಿಸಿಲು ಓರೆಯಾಗಿ ಬಿದ್ದಾಗ, ಪಾಚಿಯ ನಡುವೆ ಉಗುರಿನಷ್ಟು ದೊಡ್ಡ ಒಂದು ಬಿಲ್ಲಿನ ಗೆರೆ ಕಂಡಿತು. ಮಣ್ಣಿನ ಬಿಲದಲ್ಲಿ ಇರುವ ಒಂದು ಜೇಡದ ಮನೆಬಾಗಿಲು ಅದು. ಆವತ್ತಿಂದ ನಾನು ಆ ಧರೆಯನ್ನು ಬಿಟ್ಟಿಲ್ಲ. ಹೇಗೆ ಹುಡುಕಬೇಕು, ಹೇಗೆ ನೋಡಬೇಕು, ಏನು ಮಾಡಬಾರದು ಅಂತ ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕು, ಗುಂದದ ಕಡೆ. ಇಂಗ್ಲಿಷ್‌ನಲ್ಲಿ ಈ ಜೇಡಕ್ಕೆ ಟ್ರ್ಯಾಪ್‌ಡೋರ್ ಸ್ಪೈಡರ್ ಅನ್ನುತ್ತಾರೆ. ನಾವು ಮನೆಯಲ್ಲಿ ಬಾಗಿಲ ಜೇಡ ಅನ್ನುತ್ತೇವೆ. ಇಡಿಯೋಪ್ಸ್ ಎಂಬ ಕುಲಕ್ಕೆ ಸೇರಿದ ಒಂದು ಜಾತಿಗೆ 2013ರಲ್ಲಿ ನಮ್ಮ ತಾಲ್ಲೂಕಿನ ಹೆಸರನ್ನೇ ಇಟ್ಟರು: ಇಡಿಯೋಪ್ಸ್ ಜೋಯಿಡಾ. ನಮ್ಮೂರಿನ ಹೆಸರು ಹೊತ್ತ ಜೀವ ನಮ್ಮ ಮನೆ ದಾರಿಯಂಥ ಧರೆಗಳಲ್ಲೇ ಇರುತ್ತದೆ ಅಂತ ಗೊತ್ತಾದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ.

ಮೊದಲು ಅದರ ಬದುಕು ಗೊತ್ತಿರಲಿ

ಜೇಡ ಅಂದ ತಕ್ಷಣ ನಮಗೆ ಬಲೆ ನೆನಪಾಗುತ್ತದೆ. ಇದು ಹಿಡಿಯುವ ಬಲೆ ಕಟ್ಟುವುದಿಲ್ಲ. ಮಣ್ಣಿನಲ್ಲಿ ಬಿಲ ತೋಡಿ, ಒಳಗೋಡೆಗೆಲ್ಲ ರೇಷ್ಮೆಯಂಥ ನೂಲು ಹಚ್ಚಿ, ಬಾಯಿಗೆ ಒಂದು ಮುಚ್ಚಳ ಮಾಡಿಕೊಳ್ಳುತ್ತದೆ. ಮುಚ್ಚಳವೂ ಮಣ್ಣು ಮತ್ತು ನೂಲಿನದ್ದೇ. ಒಂದು ಬದಿಯಲ್ಲಿ ನೂಲಿನ ಕೀಲು. ಹೊರಮೈಗೆ ಸುತ್ತಲಿನ ಮಣ್ಣು, ಪಾಚಿ, ಎಲೆಯ ಚೂರು ಅಂಟಿರುತ್ತದೆ. ಹಗಲು ಮುಚ್ಚಿಕೊಂಡು ಒಳಗಿರುತ್ತದೆ. ಕತ್ತಲಾದ ಮೇಲೆ ಬಾಗಿಲ ಹಿಂದೆ ಬಂದು ಕೂತು, ಹತ್ತಿರ ಸುಳಿಯುವ ಹುಳಕ್ಕೆ ಕಾಯುತ್ತದೆ.

ಮನೆಯ ಮೂಲೆಯಲ್ಲಿ ಕಾಣುವ ಜೇಡದ ವಿಷದ ಹಲ್ಲು ಇಕ್ಕಳದ ಹಾಗೆ ಅಕ್ಕಪಕ್ಕದಿಂದ ಕೂಡಿಕೊಳ್ಳುತ್ತದೆ. ಬಾಗಿಲ ಜೇಡದ್ದು ಪಿಕಾಸಿಯ ಹಾಗೆ, ಮೇಲಿಂದ ಕೆಳಗೆ ಬೀಳುತ್ತದೆ. ದವಡೆಯ ತುದಿಯಲ್ಲಿ ಗಟ್ಟಿ ಮುಳ್ಳುಗಳ ಸಾಲಿರುತ್ತದೆ. ಅದೇ ಅದರ ಗುದ್ದಲಿ. ಇಷ್ಟು ಸಣ್ಣ ಜೀವ ಜಂಬಿಟ್ಟಿಗೆ ಮಣ್ಣನ್ನು ಹೇಗೆ ತೋಡುತ್ತದೆ ಅಂತ ನಮ್ಮ ಅತ್ತೆ ಕೇಳುತ್ತಿದ್ದರು. ಉತ್ತರ ಆ ಮುಳ್ಳುಗಳಲ್ಲಿದೆ.

ಹೆಣ್ಣು ಒಂದೇ ಬಿಲದಲ್ಲಿ ವರ್ಷಗಟ್ಟಲೆ ಇರುತ್ತದೆ. ಬೆಳೆದ ಹಾಗೆ ಬಿಲವನ್ನು ಅಗಲಿಸುತ್ತದೆ, ಮುಚ್ಚಳಕ್ಕೆ ಅಂಚು ಸೇರಿಸುತ್ತದೆ. ಒಮ್ಮೆ ಕಳಚಿಬಿದ್ದ ಮುಚ್ಚಳವೊಂದನ್ನು ಎತ್ತಿ ನೋಡಿದಾಗ ಕೀಲಿನ ಕಡೆಯಿಂದ ಒಂದರಾಚೆ ಒಂದು ಬಿಲ್ಲಿನಾಕಾರದ ಗೆರೆಗಳಿದ್ದವು. ಹಳೆಯ ಮನೆಗೆ ಒಂದೊಂದೇ ಜಗುಲಿ ಸೇರಿಸಿದ ಹಾಗೆ. ಗಂಡಿನ ಕತೆ ಬೇರೆ. ಪ್ರಾಯಕ್ಕೆ ಬಂದ ಗಂಡು ತನ್ನ ಬಿಲ ಬಿಟ್ಟು ಹೆಣ್ಣನ್ನು ಹುಡುಕಿಕೊಂಡು ಹೊರಡುತ್ತದೆ. ಮತ್ತೆ ಮನೆ ಕಟ್ಟುವುದಿಲ್ಲ, ಬಹಳ ದಿನ ಬದುಕುವುದೂ ಇಲ್ಲ.

ಎಲ್ಲಿ ಹುಡುಕಬೇಕು, ಯಾವಾಗ

ಜನ ನೆಲ ನೋಡುತ್ತಾ ಹೋಗುತ್ತಾರೆ. ಬಾಗಿಲ ಜೇಡ ಸಮತಟ್ಟಾದ ನೆಲದಲ್ಲೂ ಇರುತ್ತದೆ, ಆದರೆ ನಮ್ಮ ಮಲೆನಾಡಿನ ಮಳೆಯಲ್ಲಿ ಹುಡುಕಲು ಒಳ್ಳೆಯ ಜಾಗ ಧರೆ. ಕಾರಣ ಸರಳ. ಸಮತಟ್ಟು ನೆಲದ ಬಿಲಕ್ಕೆ ನೀರು ನುಗ್ಗುತ್ತದೆ. ಧರೆಯ ಮೇಲೆ ನೀರು ಹರಿದು ಕೆಳಗೆ ಹೋಗುತ್ತದೆ. ಇನ್ನೊಂದು ಅನುಕೂಲವೂ ಇದೆ. ಕೀಲು ಮೇಲ್ಗಡೆ ಇರುತ್ತದಲ್ಲ, ಬಿಟ್ಟ ತಕ್ಷಣ ಮುಚ್ಚಳ ತನ್ನ ಭಾರಕ್ಕೆ ತಾನೇ ಬಿದ್ದು ಮುಚ್ಚಿಕೊಳ್ಳುತ್ತದೆ.

ಎಲ್ಲ ಧರೆಯೂ ಆಗುವುದಿಲ್ಲ. ಹೊಸದಾಗಿ ಜೆಸಿಬಿ ಕೆತ್ತಿದ ಧರೆಯಲ್ಲಿ ಹುಡುಕಿ ಸಮಯ ಹಾಳುಮಾಡಬೇಡಿ. ಮರಳು ಮರಳಾಗಿ ಉದುರುವ ಮಣ್ಣೂ ಬೇಡ. ಕೆಲವು ವರ್ಷ ಯಾರೂ ಮುಟ್ಟದೆ ಬಿಟ್ಟಿರಬೇಕು. ಮೈಮೇಲೆ ತೆಳುವಾಗಿ ಪಾಚಿ ಹಿಡಿದಿರಬೇಕು. ಮೇಲ್ಗಡೆ ಮರದ ನೆರಳಿರಬೇಕು. ಬೇರು ಹೊರಬಂದು ಸಣ್ಣ ಸೂರಿನ ಹಾಗೆ ಆಗಿರುವ ಕಡೆ, ಅದರ ಕೆಳಗೆ, ಮಳೆ ನೇರ ಹೊಡೆಯದ ಜಾಗ ಇರುತ್ತದೆ. ಅಲ್ಲಿ ಮೊದಲು ನೋಡಿ. ನಮ್ಮ ಧರೆಯಲ್ಲಿ ಬಾಗಿಲುಗಳು ಜಾಸ್ತಿ ಸಿಕ್ಕಿದ್ದು ಮೊಣಕಾಲಿನಿಂದ ಎದೆಯ ಎತ್ತರದೊಳಗೆ.

ಈ ಜೇಡಕ್ಕೆ ಒಣಗುವುದೇ ದೊಡ್ಡ ಭಯ. ಅದಕ್ಕೆ ಪುಟಗಳನ್ನು ಜೋಡಿಸಿದಂಥ ಶ್ವಾಸಕೋಶ ಎರಡು ಜೊತೆ ಇರುತ್ತದೆ. ಬಿಲದೊಳಗಿನ ತಂಪು, ತೇವ ಇಲ್ಲದಿದ್ದರೆ ಬೇಸಿಗೆ ಕಳೆಯುವುದು ಕಷ್ಟ. ಆದ್ದರಿಂದ ಬಿಸಿಲಿಗೆ ಕಾದು ಬಿರಿದ ಧರೆಗಿಂತ ತಂಪು ಧರೆಯನ್ನು ಆರಿಸಿಕೊಳ್ಳಿ.

ಕಾಲ ಅಂದರೆ ಹಸ್ತ, ಚಿತ್ತ ಮಳೆ ಮುಗಿಯುವ ಹೊತ್ತು, ದೀಪಾವಳಿಯ ಆಚೀಚೆ. ಮಣ್ಣು ತೇವ ಇರುತ್ತದೆ, ಪಾಚಿ ಹಸಿರಾಗಿರುತ್ತದೆ, ಮಳೆಯ ಕಾಟ ಕಡಿಮೆ. ಆರಿದ್ರಾ, ಪುನರ್ವಸು ಮಳೆಯಲ್ಲಿ ಧರೆಯ ಬುಡಕ್ಕೆ ಹೋಗಲೇಬೇಡಿ. ಮಣ್ಣು ಕುಸಿದರೆ ಜೀವಕ್ಕೆ ಅಪಾಯ. ಮಾರ್ಚ್, ಏಪ್ರಿಲ್‌ನಲ್ಲಿ ಹುಡುಕಿದರೆ ಸಿಗಬಹುದು, ಆದರೆ ಆಗ ಎಷ್ಟೋ ಜೇಡಗಳು ಮುಚ್ಚಳವನ್ನು ಒಳಗಿಂದ ನೂಲು ಹಾಕಿ ಬಿಗಿದಿರುತ್ತವೆ. ಗೆರೆಯೂ ಕಾಣುವುದಿಲ್ಲ.

ಕಣ್ಣಿಗೆ ಅಭ್ಯಾಸ ಮಾಡಿಸುವುದು

ಇದೇ ಕಷ್ಟದ ಭಾಗ. ಇಲ್ಲಿ ಅವಸರ ಬೇಡ.

ಬೆಳಿಗ್ಗೆ ಎಂಟರ ಹೊತ್ತಿಗೆ ಹೋಗಿ. ಬಿಸಿಲು ಓರೆಯಾಗಿ ಬೀಳುವಾಗ ಸಣ್ಣ ಅಂಚಿಗೂ ನೆರಳು ಇರುತ್ತದೆ. ಬಿಸಿಲು ಬೀಳದ ಜಾಗವಾದರೆ ಟಾರ್ಚನ್ನು ಧರೆಗೆ ತಾಗುವಷ್ಟು ಹತ್ತಿರ, ಮಲಗಿಸಿ ಹಿಡಿಯಿರಿ. ಎದುರಿನಿಂದ ಬೆಳಕು ಬಿಟ್ಟರೆ ಎಲ್ಲವೂ ಒಂದೇ ಸಮ ಕಾಣುತ್ತದೆ.

ನಡೆಯುತ್ತಾ ನೋಡಬೇಡಿ. ಒಂದು ಗೋಣಿಚೀಲ ಹಾಸಿ ಕೂತುಕೊಳ್ಳಿ. ಎರಡು ತೋಳಗಲದ ಜಾಗ ಆರಿಸಿ, ಅಷ್ಟನ್ನೇ ಹತ್ತು ನಿಮಿಷ ನೋಡಿ. ತೂತು ಹುಡುಕಬೇಡಿ, ಗೆರೆ ಹುಡುಕಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹೊಸಬರೆಲ್ಲ ತೂತು ಹುಡುಕುತ್ತಾರೆ, ಮುಚ್ಚಿದ ಬಾಗಿಲಿಗೆ ತೂತು ಎಲ್ಲಿಂದ ಬರಬೇಕು? ಅರ್ಧಚಂದ್ರದ ಹಾಗೆ ಕೆಳಮುಖವಾಗಿ ಬಾಗಿದ ಒಂದು ಕೂದಲೆಳೆಯ ಗೆರೆ, ಮೇಲ್ಗಡೆ ಸ್ವಲ್ಪ ನೇರ. ಪೂರ್ತಿ ದುಂಡಗಿರುವುದಿಲ್ಲ. ಪ್ರಕೃತಿಯಲ್ಲಿ ಬಿರುಕು ಬೇಕಾದಷ್ಟಿದೆ, ಆದರೆ ಬಿರುಕು ಇಷ್ಟು ಚೊಕ್ಕವಾಗಿ ಬಾಗುವುದಿಲ್ಲ.

ಮೊದಲನೆಯದು ಸಿಗಲು ನನಗೆ ಬೇರೆಯವರ ಕಣ್ಣು ಬೇಕಾಯಿತು. ಎರಡನೆಯದನ್ನು ನಾನೇ ಹುಡುಕಲು ನಾಲ್ಕು ಬೆಳಗು ಹಿಡಿಯಿತು. ಆಮೇಲೆ ಒಂದೇ ದಿನದಲ್ಲಿ ಐದು ಸಿಕ್ಕವು. ಕಣ್ಣು ಪಳಗಿದ್ದು ಒಂದು ಕಾರಣ. ಇನ್ನೊಂದು, ಮರಿಗಳು ತಾಯಿಯ ಬಿಲದಿಂದ ಹೊರಟು ಸಾಮಾನ್ಯವಾಗಿ ದೂರ ಹೋಗುವುದಿಲ್ಲ. ಹತ್ತಿರದಲ್ಲೇ ತಮ್ಮ ಪುಟ್ಟ ಬಿಲ ತೋಡಿಕೊಳ್ಳುತ್ತವೆ. ಹಾಗಾಗಿ ಒಂದು ದೊಡ್ಡ ಬಾಗಿಲು ಸಿಕ್ಕರೆ ಅದರ ಸುತ್ತ ಒಂದು ಮೊಳದೊಳಗೆ ನಿಧಾನವಾಗಿ ನೋಡಿ. ಮೆಣಸಿನಕಾಳಿನಷ್ಟು ಚಿಕ್ಕ ಮುಚ್ಚಳಗಳೂ ಇರುತ್ತವೆ. ಅಂಥದ್ದು ಕಂಡ ದಿನ ಊಟ ರುಚಿಸುತ್ತದೆ ನೋಡಿ, ಅಷ್ಟು ಸಂತೋಷ.

ಮಕ್ಕಳಿದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಅವರ ಕಣ್ಣು ಧರೆಯ ಮಟ್ಟದಲ್ಲೇ ಇರುತ್ತದೆ.

ಇದೇನಾ, ಅಲ್ಲವಾ?

ತೆರೆದ ಬಾಯಿಯ ಬಿಲಗಳು ಬಾಗಿಲ ಜೇಡದ್ದಲ್ಲ. ಏಡಿ ಬಿಲದ ಬಾಯಲ್ಲಿ ಮಣ್ಣಿನ ಉಂಡೆಗಳು ಬಿದ್ದಿರುತ್ತವೆ. ತೋಳ ಜೇಡದ ಬಿಲವಾದರೆ ರಾತ್ರಿ ಟಾರ್ಚ್ ಬಿಟ್ಟಾಗ ಕಣ್ಣು ಹೊಳೆಯುತ್ತದೆ. ನಮ್ಮ ಕಡೆಯ ಧರೆಗಳಲ್ಲಿ ಥ್ರಿಗ್ಮೊಪಿಯಸ್ ಎಂಬ ದೊಡ್ಡ ರೋಮದ ಜೇಡವೂ ಬಿಲ ಮಾಡುತ್ತದೆ. ಅದರ ಬಾಯಿಗೆ ಮುಚ್ಚಳ ಇಲ್ಲ, ಅಂಚಿನ ಸುತ್ತ ನೂಲು ಹಾಸಿರುತ್ತದೆ. ಅದು ಟ್ಯಾರಂಟುಲಾ ಬಳಗದ್ದು. ಅದನ್ನೂ ಮುಟ್ಟಬೇಡಿ.

ಮರದ ತೊಗಟೆಯ ಮೇಲೆ ಬಾಗಿಲು ಕಂಡರೆ ಆಶ್ಚರ್ಯಪಡಬೇಡಿ. ಸಾಸನ್ ಎಂಬ ಕುಲದ ಜೇಡಗಳು ತೊಗಟೆಯ ಮೇಲೆ ಚಿಕ್ಕ ಚೀಲದಂಥ ಮನೆ ಮಾಡಿ, ಎರಡು ತುದಿಗೂ ಒಂದೊಂದು ಬಾಗಿಲು ಇಡುತ್ತವೆ. ಹಿಂಬಾಗಿಲು ಇರುವ ಮನೆ!

ಜಾತಿಯ ಹೆಸರು ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ಮುಚ್ಚಳ ನೋಡಿ ಜಾತಿ ಹೇಳಲು ಬರುವುದಿಲ್ಲ. ತಜ್ಞರು ಸೂಕ್ಷ್ಮದರ್ಶಕದ ಕೆಳಗೆ ಗಂಡಿನ ಸ್ಪರ್ಶಾಂಗದ ತುದಿ, ಹೆಣ್ಣಿನ ಒಳಾಂಗ ನೋಡಿ ನಿರ್ಧರಿಸುತ್ತಾರೆ. ಜೇಡ ಹೊರಗೆ ಬಂದಾಗ ಎದುರಿನಿಂದ ಒಳ್ಳೆಯ ಫೋಟೊ ಸಿಕ್ಕರೆ ಒಂದು ಸುಳಿವಿದೆ. ಇಡಿಯೋಪ್ಸ್‌ನಲ್ಲಿ ಒಂದು ಜೊತೆ ಕಣ್ಣು ಉಳಿದ ಕಣ್ಣುಗಳಿಂದ ಬಹಳ ಮುಂದೆ, ತಲೆಯ ಅಂಚಿನ ಹತ್ತಿರ ಇರುತ್ತದೆ. ನಾನು ಪುಸ್ತಕದಲ್ಲಿ ಇಡಿಯೋಪ್ಸ್ ಅಂತ ಮಾತ್ರ ಬರೆದುಕೊಳ್ಳುತ್ತೇನೆ. ನೋಡುವುದಕ್ಕೆ ಅಷ್ಟು ಸಾಕು.

ಮುಚ್ಚಳ ತೆಗೆಯಬೇಡಿ

ಇದು ನಾನು ತಪ್ಪು ಮಾಡಿ ಕಲಿತದ್ದು.

ಮೊದಲ ವಾರ ಮನೆಗೆ ಬಂದವರಿಗೆಲ್ಲ ತೋರಿಸುವ ಹುಮ್ಮಸ್ಸು. ಹಿಡಿಸೂಡಿಯ ಕಡ್ಡಿ ತೆಗೆದುಕೊಂಡು ಹೋಗಿ ಮೆಲ್ಲಗೆ ಮುಚ್ಚಳ ಎತ್ತುತ್ತಿದ್ದೆ. ಒಳಗಿಂದ ಯಾರೋ ಎಳೆದು ಹಿಡಿದ ಹಾಗೆ ಆಗುತ್ತಿತ್ತು. ನಿಜವಾಗಿಯೂ ಹಿಡಿದಿರುತ್ತದೆ. ಮುಚ್ಚಳದ ಒಳಮೈಗೆ ಹಲ್ಲು ಊರಿ, ಕಾಲುಗಳನ್ನು ಗೋಡೆಗೆ ಒತ್ತಿ, ಮೈಯ ಶಕ್ತಿಯನ್ನೆಲ್ಲ ಹಾಕಿ ಎಳೆಯುತ್ತದೆ. ನಮಗೆ ಅದು ಆಟ. ಅದಕ್ಕೆ ಪ್ರಾಣದ ಪ್ರಶ್ನೆ. ಐದನೇ ದಿನ ಮೂರನೇ ನಂಬರಿನ ಬಾಗಿಲಿನ ಕೀಲು ಹರಿಯಿತು. ಮುಚ್ಚಳ ನನ್ನ ಕೈಯಲ್ಲೇ ಉಳಿಯಿತು. ಅದನ್ನು ಮತ್ತೆ ಬಾಯಿಗೆ ಒತ್ತಿ ಇಟ್ಟು ಬಂದೆ. ಬೆಳಿಗ್ಗೆ ನೋಡಿದರೆ ಮುಚ್ಚಳ ಕೆಳಗೆ ಬಿದ್ದಿತ್ತು, ಬಿಲದೊಳಗೆ ಇರುವೆಗಳ ಸಾಲು. ಆ ಸಾಲನ್ನು ನಾನು ಇಂದಿಗೂ ಮರೆತಿಲ್ಲ.

ಒಳಗೆ ಜೀವ ಇದೆಯೋ ಇಲ್ಲವೋ ಎಂದು ತಿಳಿಯಲು ಮುಟ್ಟಬೇಕಾಗಿಲ್ಲ. ಮುಚ್ಚಳ ಸುತ್ತಲಿನ ಮಣ್ಣಿಗೆ ಸಮನಾಗಿ ಕೂತಿದ್ದರೆ, ಅಂಚು ಚೊಕ್ಕವಾಗಿದ್ದರೆ, ಮನೆಯಲ್ಲಿ ಜನ ಇದ್ದಾರೆ ಅಂತಲೇ ಲೆಕ್ಕ. ಸಂಜೆ ಹೊತ್ತಿಗೆ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಕಂಡರೆ ಖಚಿತ. ಮುಚ್ಚಳ ಜೋತುಬಿದ್ದಿದ್ದರೆ, ಅಂಚಿನ ಮೇಲೂ ಪಾಚಿ ಬೆಳೆದು ಗೆರೆ ಮುಚ್ಚಿದ್ದರೆ, ಬಾಯಿಗೆ ಬೇರೆ ಜೇಡ ಬಲೆ ಕಟ್ಟಿದ್ದರೆ, ಮನೆ ಖಾಲಿ. ಮುಚ್ಚಳದ ಮೇಲೆ ಕೊರೆದಂಥ ತೂತಿದ್ದರೆ ಕಣಜದ ಕೆಲಸವಿರಬಹುದು. ಜೇಡ ಬೇಟೆಯಾಡುವ ಕಣಜಗಳು ಬಿಲಕ್ಕೆ ನುಗ್ಗಿ, ಕುಟುಕಿ, ಕೈಕಾಲು ಆಡದ ಹಾಗೆ ಮಾಡಿ, ಅದರ ಮೇಲೆ ಮೊಟ್ಟೆ ಇಡುತ್ತವೆ. ಮರಿ ಹುಳಕ್ಕೆ ಆ ಜೇಡವೇ ಆಹಾರ.

ಬಹಳ ದಿನ ಬಾಗಿಲು ತೆರೆಯಲಿಲ್ಲ ಎಂದು ಗಾಬರಿಯಾಗಬೇಡಿ. ಪೊರೆ ಬಿಡುವಾಗ, ಮೊಟ್ಟೆ ಕಾಯುವಾಗ, ಬಿರುಬೇಸಿಗೆಯಲ್ಲಿ ಒಳಗಿಂದ ಬಿಗಿದುಕೊಂಡಿರುತ್ತದೆ. ಬಾಣಂತಿ ಕೋಣೆಯ ಬಾಗಿಲು ತಟ್ಟುತ್ತೇವಾ? ಹಾಗೇ ಬಿಡಿ.

ರಾತ್ರಿ ಕಾಯುವುದು

ಬೇಕಾದ ಸಾಮಾನು ಸ್ವಲ್ಪವೇ. ಕೂರಲು ಗೋಣಿಚೀಲ, ಗಮ್‌ಬೂಟು, ಒಂದು ಟಾರ್ಚು, ಟಾರ್ಚಿನ ಗಾಜಿಗೆ ಸುತ್ತಲು ಕೆಂಪು ಪ್ಲಾಸ್ಟಿಕ್ ಹಾಳೆ. ಹೂಗುಚ್ಛಕ್ಕೆ ಸುತ್ತಿರುತ್ತದಲ್ಲ, ಅದೇ. ಎರಡು ಪದರ ಹಾಕಿ ರಬ್ಬರ್ ಬ್ಯಾಂಡ್ ಬಿಗಿದರೆ ಸಾಕು. ಬಿಳಿ ಬೆಳಕು ಬಿದ್ದರೆ ಬಾಗಿಲು ಮುಚ್ಚಿಬಿಡುತ್ತದೆ, ಕೆಂಪು ಬೆಳಕಿಗೆ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ.

ಹೋಗುವ ಮುಂಚೆ ಸಂಜೆಯೇ ಜಾಗ ನೋಡಿಟ್ಟುಕೊಳ್ಳಿ. ಕೂರುವ ಕಡೆ ಹಾವು, ಚೇಳು ಇಲ್ಲ ಎಂದು ಟಾರ್ಚ್ ಹಾಕಿ ನೋಡದೆ ಕೂರಬೇಡಿ. ನಮ್ಮ ಕಡೆ ಧರೆಯ ಪೊಟರೆಗಳಲ್ಲಿ ಗುಳಿಮಂಡಲ ಹಾವು ಇರುತ್ತದೆ. ಒಬ್ಬರೇ ಹೋಗಬೇಡಿ. ಕಾಡಿಗಂತೂ ಹೋಗಲೇಬೇಡಿ. ಇಲ್ಲಿ ಬಹಳಷ್ಟು ಜಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಅನುಮತಿ ಇಲ್ಲದೆ ಒಳಗೆ ಹೋಗುವುದು ಅಪರಾಧ. ನಿಮ್ಮ ತೋಟದ ಧರೆ, ಮನೆಯ ಹಿತ್ತಲು ಸಾಕು.

ಏಳು ಗಂಟೆಗೆ ಮುಂಚೆ ಹೋಗಿ ಕೂತುಬಿಡಿ. ನಡೆಯುವಾಗ ಹೆಜ್ಜೆ ಊರಬೇಡಿ. ಜೇಡ ನಮ್ಮನ್ನು ಕಣ್ಣಿನಿಂದ ನೋಡುವುದಕ್ಕಿಂತ ಮಣ್ಣಿನ ಅದುರಿನಿಂದ ತಿಳಿಯುತ್ತದೆ. ಕೂತ ಮೇಲೆ ಇಪ್ಪತ್ತು ನಿಮಿಷ ಕಾಲು ಸಹ ಆಡಿಸಬೇಡಿ. ಫೋನು ಮನೆಯಲ್ಲಿಡಿ ಎಂದು ಹೇಳುವುದಿಲ್ಲ, ಜೇಬಿನಲ್ಲಿ ಅದು ಗುರುಗುಟ್ಟದ ಹಾಗೆ ಮಾಡಿ.

ಮೊದಲು ಮುಚ್ಚಳದ ಕೆಳಅಂಚು ಭತ್ತದ ಕಾಳಿನಷ್ಟು ಮೇಲೇಳುತ್ತದೆ. ಎದ್ದದ್ದು ಗೊತ್ತೇ ಆಗುವುದಿಲ್ಲ. ಸ್ವಲ್ಪ ಹೊತ್ತಿಗೆ ಅಲ್ಲಿ ಕಪ್ಪು ಕಾಲಿನ ತುದಿಗಳು ಕಾಣುತ್ತವೆ, ಅಂಚಿನ ಮೇಲೆ ಸಾಲಾಗಿ ಇಟ್ಟ ಹಾಗೆ. ಅಷ್ಟೇ. ಹಾಗೇ ಗಂಟೆಗಟ್ಟಲೆ ಇರುತ್ತದೆ. ನಾನು ಬೇಟೆಯನ್ನು ಮೊದಲ ಸಲ ನೋಡಿದ್ದು ಒಂಬತ್ತನೇ ರಾತ್ರಿ. ಒಂದು ಮಿಡತೆ ಮರಿ ಬಾಗಿಲ ಪಕ್ಕ ಬಂದು ನಿಂತಿತು. ಮೀಸೆ ಆಡಿಸಿತು. ಒಂದು ಹೆಜ್ಜೆ ಮುಂದೆ ಇಟ್ಟಿತು. ನಾನು ರೆಪ್ಪೆ ಬಡಿದೆನೋ ಏನೋ, ಮಿಡತೆ ಇರಲಿಲ್ಲ. ಬಾಗಿಲು ಮುಚ್ಚಿತ್ತು. ಪಾಚಿ ಮೊದಲಿನ ಹಾಗೇ ಇತ್ತು. ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು.

ಆಮೇಲೆ ಎಷ್ಟೋ ಸಲ ನೋಡಿದ್ದೇನೆ. ಗಮನಿಸಿ, ಜೇಡ ಪೂರ್ತಿ ಹೊರಗೆ ಬರುವುದಿಲ್ಲ. ಹಿಂಗಾಲುಗಳು ಬಿಲದೊಳಗೇ ಇರುತ್ತವೆ. ಮನೆಯ ಹೊಸ್ತಿಲು ಬಿಡದೆ ಬೇಟೆ ಮುಗಿಸುತ್ತದೆ. ಹುಳ ಹಿಡಿದು ಬಾಗಿಲ ಮುಂದೆ ಬಿಡುವ ಆಸೆ ಬರುತ್ತದೆ. ಬೇಡ. ಅದು ಕಾಯುವುದನ್ನು ನಾವೂ ಕಾಯಬೇಕು.

ಲೆಕ್ಕ ಇಡುವುದು

ಆಸ್ಟ್ರೇಲಿಯಾದ ಒಂದು ಜೇಡದ ವಿಷಯ ಹೇಳಲೇಬೇಕು. ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ 1974ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ನಾರ್ತ್ ಬಂಗುಲ್ಲಾ ಎಂಬಲ್ಲಿ ಬಾಗಿಲ ಜೇಡಗಳ ಬಿಲಗಳಿಗೆ ಗುರುತು ಹಾಕಿ ಲೆಕ್ಕ ಇಡಲು ಶುರು ಮಾಡಿದರು. ಅವುಗಳಲ್ಲಿ ಹದಿನಾರನೇ ನಂಬರಿನ ಹೆಣ್ಣು ಜೇಡ ಅದೇ ಬಿಲದಲ್ಲಿ 43 ವರ್ಷ ಬದುಕಿತು. 2016ರಲ್ಲಿ ಅದರ ಮುಚ್ಚಳದಲ್ಲಿ ತೂತು ಕಂಡಿತು. ಕಣಜ ಬಂದು ಹೋಗಿತ್ತು. ಲೆಕ್ಕಕ್ಕೆ ಸಿಕ್ಕ ಜೇಡಗಳಲ್ಲಿ ಅಷ್ಟು ವರ್ಷ ಬದುಕಿದ್ದು ಬೇರೆ ಇರಲಿಲ್ಲ. ಹೆಣ್ಣು ತನ್ನ ಬಿಲ ಬಿಟ್ಟು ಹೋಗುವುದಿಲ್ಲ, ಬೇರೆಯವರ ಬಿಲಕ್ಕೂ ಸೇರುವುದಿಲ್ಲ. ಅದಕ್ಕೇ ಬಿಲಕ್ಕೆ ನಂಬರು ಹಾಕಿದರೆ ಜೇಡಕ್ಕೇ ನಂಬರು ಹಾಕಿದ ಹಾಗೆ. ಅದರ ಜಾತಿ ಬೇರೆ, ನಾಡು ಬೇರೆ. ಆದರೂ ಆ ಸುದ್ದಿಯನ್ನು 2018ರಲ್ಲಿ ಓದಿದಾಗ ನಾನು ಎದ್ದು ಹೋಗಿ ನಮ್ಮ ಏಳನೇ ನಂಬರನ್ನು ನೋಡಿ ಬಂದೆ.

ನಾನು ಅಡಿಕೆ ದಬ್ಬೆಯ ಸಣ್ಣ ತುಂಡುಗಳ ಮೇಲೆ ಬಣ್ಣದಲ್ಲಿ ನಂಬರು ಬರೆದು, ಬಾಗಿಲಿನಿಂದ ಒಂದು ಗೇಣು ಕೆಳಗೆ ಚುಚ್ಚಿದ್ದೇನೆ. ಮೇಲ್ಗಡೆ ಚುಚ್ಚಬೇಡಿ. ದಬ್ಬೆಗುಂಟ ಇಳಿದ ನೀರು ಬಾಗಿಲ ಮೇಲೆ ಬೀಳುತ್ತದೆ. ಎರಡು ಮಳೆಗಾಲಕ್ಕೆ ದಬ್ಬೆ ಕುಂಬಾಗುತ್ತದೆ, ಬದಲಿಸಬೇಕು. ಅಳತೆಗೆ ಮುಚ್ಚಳ ಮುಟ್ಟುವುದಿಲ್ಲ. ಪಕ್ಕದಲ್ಲಿ ಚಿಕ್ಕ ಸ್ಕೇಲ್ ಹಿಡಿದು ಫೋಟೊ ತೆಗೆಯುತ್ತೇನೆ, ಆಮೇಲೆ ಮನೆಯಲ್ಲಿ ಕೂತು ನೋಡಿಕೊಳ್ಳುತ್ತೇನೆ. ಪುಸ್ತಕದಲ್ಲಿ ತಾರೀಖು, ಯಾವ ಮಳೆ, ಬಾಗಿಲು ಮುಚ್ಚಿತ್ತೋ ತೆರೆದಿತ್ತೋ, ಅಗಲ ಎಷ್ಟು, ಸುತ್ತ ಏನು ಬದಲಾಗಿದೆ, ಇಷ್ಟು ಬರೆಯುತ್ತೇನೆ. ತಿಂಗಳಿಗೊಮ್ಮೆ ಸಾಕು. ಏಳನೇ ನಂಬರು 2014ರಲ್ಲಿ 14 ಮಿಲಿಮೀಟರ್ ಇತ್ತು, 2023ರಲ್ಲಿ 21. ಒಂಬತ್ತು ವರ್ಷಕ್ಕೆ ಏಳು ಮಿಲಿಮೀಟರ್!

ಮೊದಲ ವರ್ಷ ನನ್ನ ಪುಸ್ತಕದಲ್ಲಿ 23 ಬಾಗಿಲುಗಳಿದ್ದವು. 2019ರ ಆಗಸ್ಟ್‌ನಲ್ಲಿ ಜಿಲ್ಲೆಯಲ್ಲೆಲ್ಲ ನೆರೆ ಬಂದಾಗ ಧರೆಯ ಕೊನೆಯ ಭಾಗ ಕುಸಿಯಿತು. ಆರು ಬಾಗಿಲು ಒಂದೇ ರಾತ್ರಿಯಲ್ಲಿ ಹೋದವು. ಕುಸಿದ ಮಣ್ಣಿನಲ್ಲಿ ನೂಲಿನ ಕೊಳವೆಗಳು ಸೀಳಿ ಬಿದ್ದಿದ್ದವು, ಒಂದೊಂದು ಒಂದು ಗೇಣು ಉದ್ದ. ಒಳಗೆ ಬಿಳಿ ರೇಷ್ಮೆ, ಹೊರಗೆ ಕೆಂಪು ಮಣ್ಣು.

ಫೋಟೊ ಹಂಚಿಕೊಳ್ಳಿ, ಆದರೆ ನಕ್ಷೆಯ ಸಮೇತ ಜಾಗ ಹೇಳಬೇಡಿ. ಇಂಥ ಜೇಡಗಳನ್ನು ಸಾಕಲು, ಮಾರಲು ಹುಡುಕುವವರಿದ್ದಾರೆ. ಹೆಣ್ಣನ್ನು ಅಗೆದು ತೆಗೆದರೆ ಅಷ್ಟು ವರ್ಷದ ಮನೆ ಹೋಯಿತು. ದೊಡ್ಡ ಜೇಡಕ್ಕೆ ಹೊಸ ಬಿಲ ತೋಡಿ ಬದುಕುವುದು ಸುಲಭವಲ್ಲ.

ಧರೆ ಕೆತ್ತುವ ಮುಂಚೆ

ತೋಟ ಇರುವವರಿಗೆ ಈ ಭಾಗವೇ ಮುಖ್ಯ. ಮಳೆ ಮುಗಿದ ಮೇಲೆ ನಾವೆಲ್ಲ ದಾರಿ ಬದಿ ಚೊಕ್ಕ ಮಾಡುತ್ತೇವೆ. ಗುದ್ದಲಿಯಲ್ಲಿ ಧರೆಯ ಮೈ ಕೆತ್ತಿ, ಕೆಂಪಗೆ ಹೊಳೆಯುವ ಹಾಗೆ ಮಾಡಿದರೆ ಕೆಲಸ ಒಪ್ಪವಾಯಿತು ಅನ್ನಿಸುತ್ತದೆ. ನಾನೇ ಎಷ್ಟು ವರ್ಷ ಆಳುಗಳಿಗೆ ಹಾಗೆ ಹೇಳಿ ಮಾಡಿಸಿದ್ದೇನೆ. ಆಗ ಎಷ್ಟು ಬಾಗಿಲು ಹೋದವೋ ಲೆಕ್ಕ ಇಟ್ಟವರಿಲ್ಲ.

ಈಗ ನಾವು ಮಾಡುವುದು ಹೀಗೆ. ಗಿಡ, ಹುಲ್ಲನ್ನು ಕತ್ತಿಯಲ್ಲಿ ಸವರುತ್ತೇವೆ, ಬೇರು ಕೀಳುವುದಿಲ್ಲ. ಮಣ್ಣಿನಿಂದ ನಾಲ್ಕು ಬೆರಳು ಬಿಟ್ಟು ಸವರಿದರೆ ದಾರಿಗೂ ತೊಂದರೆ ಇಲ್ಲ, ಪಾಚಿಯೂ ಉಳಿಯುತ್ತದೆ. ಬೇರು ಇದ್ದರೆ ಧರೆಯೂ ಹಿಡಿದುಕೊಳ್ಳುತ್ತದೆ. ಕಳೆನಾಶಕ ಧರೆಗೆ ಹೊಡೆಯುವುದೇ ಇಲ್ಲ. ಧರೆಯ ನೆತ್ತಿಯ ಮೇಲೆ ಹರಿಯುವ ನೀರನ್ನು ಸಣ್ಣ ಕಾಲುವೆ ತೆಗೆದು ಬದಿಗೆ ತಿರುಗಿಸಿದ್ದೇವೆ. ಇದು ಜೇಡಕ್ಕೆ ಎಷ್ಟು ಒಳ್ಳೆಯದೋ ದಾರಿಗೂ ಅಷ್ಟೇ. ಕೆಲಸಕ್ಕೆ ಬರುವವರಿಗೆ ಮೊದಲು ಒಂದು ಬಾಗಿಲು ತೋರಿಸಿ. ಬರೀ ಬೇಡ ಎಂದರೆ ಮರೆತುಹೋಗುತ್ತದೆ. ಒಮ್ಮೆ ನೋಡಿದವರು ಗುದ್ದಲಿ ಎತ್ತುವುದಿಲ್ಲ. ನಮ್ಮಲ್ಲಿ ಅಡಿಕೆ ಕೊನೆ ಕೊಯ್ಯಲು ಬರುವ ಹುಡುಗ ಈಗ ತನ್ನ ಮನೆ ಹಿಂದಿನ ಧರೆಯಲ್ಲಿ ಎಂಟು ಹುಡುಕಿಟ್ಟಿದ್ದಾನೆ.

ರಸ್ತೆ ಅಗಲ ಮಾಡುವ ಕೆಲಸ ಬಂದಾಗ ಎಲ್ಲವನ್ನೂ ಉಳಿಸಲು ಆಗುವುದಿಲ್ಲ. ದಾರಿಯ ಎರಡು ಬದಿಯಲ್ಲಿ ಒಂದು ಬದಿ ಮಾತ್ರ ಕೆತ್ತಿ ಎಂದು ಕೇಳಬಹುದು. ನಾವು ಕೇಳಿದೆವು, ಒಪ್ಪಿದರು.

ಮನೆಯೊಳಗೆ ಬಂದರೆ

ಮಳೆಗಾಲದ ರಾತ್ರಿ ಜಗುಲಿಗೆ, ಬಚ್ಚಲಿಗೆ ಕಪ್ಪಗೆ, ಕಾಲು ಉದ್ದ ಇರುವ ಜೇಡ ಬಂದರೆ ಅದು ಹೆಣ್ಣು ಹುಡುಕಿ ಹೊರಟ ಗಂಡಾಗಿರಬಹುದು. ಪೊರಕೆ ತೆಗೆದುಕೊಳ್ಳಬೇಡಿ. ಅದರ ಮೇಲೆ ಅಗಲ ಬಾಯಿಯ ಡಬ್ಬಿ ಕವುಚಿ, ಅಡಿಯಿಂದ ರಟ್ಟಿನ ತುಂಡು ತಳ್ಳಿ, ಎತ್ತಿಕೊಂಡು ಹೋಗಿ ಧರೆಯ ಬುಡದಲ್ಲಿ ಬಿಡಿ. ಹೆದರಿದಾಗ ಮುಂಗಾಲು ಎತ್ತಿ, ಹಲ್ಲು ತೋರಿಸಿ ನಿಲ್ಲುತ್ತದೆ. ಹತ್ತಿರ ಬರಬೇಡ ಅನ್ನುವುದು ಅಷ್ಟೇ. ಬರಿಗೈಯಲ್ಲಿ ಹಿಡಿಯಬೇಡಿ. ಹಲ್ಲು ಗಟ್ಟಿ, ಕಚ್ಚಿದರೆ ನೋವಾಗುತ್ತದೆ. ಕಚ್ಚಿದ ಜಾಗವನ್ನು ಸೋಪು ನೀರಿನಲ್ಲಿ ತೊಳೆಯಿರಿ. ಊತ, ನೋವು ಇಳಿಯದಿದ್ದರೆ, ಮೈಯಲ್ಲಿ ಬೇರೆ ತೊಂದರೆ ಕಂಡರೆ ಡಾಕ್ಟರ ಹತ್ತಿರ ಹೋಗಿ. ಇಷ್ಟು ವರ್ಷದಲ್ಲಿ ನನಗಾಗಲಿ ಮನೆಯವರಿಗಾಗಲಿ ಒಮ್ಮೆಯೂ ಕಚ್ಚಿಲ್ಲ.

ಈ ಸಲ ಹಸ್ತ ಮಳೆ ಬಿಟ್ಟ ಮರುದಿನ ಲೆಕ್ಕಕ್ಕೆ ಹೋದೆ. ಏಳನೇ ನಂಬರು ಮುಚ್ಚಿತ್ತು, ಅಂಚು ಚೊಕ್ಕವಾಗಿತ್ತು. 2019ರಲ್ಲಿ ಕುಸಿದ ಭಾಗದಲ್ಲಿ ಈಗ ಪಾಚಿ ಕೂತಿದೆ. ಜರಿಗಿಡದ ಬುಡದಲ್ಲಿ ಟಾರ್ಚ್ ಮಲಗಿಸಿ ಹಿಡಿದಾಗ ಒಂದು ಗೆರೆ ಕಂಡಿತು, ಮೆಣಸಿನಕಾಳಿಗಿಂತ ಸ್ವಲ್ಪ ದೊಡ್ಡದು. ನಂಬರು 41. ದಬ್ಬೆ ಇನ್ನೂ ಚುಚ್ಚಿಲ್ಲ, ಮಣ್ಣು ಸ್ವಲ್ಪ ಗಟ್ಟಿಯಾಗಲಿ ಅಂತ ಬಿಟ್ಟಿದ್ದೇನೆ.